ಕಂಬವೊಂದರ ಅಹವಾಲು

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿಯೇ ತೀರಿ, ಆಡಳಿತಾಧಿಕಾರಿಯ ಸಹಿಯೇ ಪ್ರಜಾಭಿಪ್ರಾಯವೆನಿಸಿಕೊಂಡ ಮೇಲೆ, ರಾಮಥಾಳದ ಹೊಲದಲ್ಲಿ ಹನಿಯದ ಹನಿನೀರಾವರಿಯ ಕೊಳವೆಯನ್ನು ಎಡವಿ ಎಡವಿ ಬೇಸತ್ತ ನಾನು, ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಪೊರಿಗೆರೆಗೆ, ಎಂದರೆ ಲಕ್ಷ್ಮೇಶ್ವರಕ್ಕೆ, ಕೊಟ್ಟ ಆಚಾರವ್ಯವಸ್ಥೆಯನ್ನು ಮೈಮೇಲೆ ಹೊತ್ತ ಶಿಲಾಸ್ತಂಭವನ್ನು ಮಾತಿಗೆಳೆದೆನು.

ನಾನು: ತಾವು ಕುಶಲವೇ?

ಕಂಬ: ಕುಶಲವೆಲ್ಲ ಐಹೊಳೆಯ ಮೇಗುಟಿಯ ಕಲ್ಲಿಗೆ! ರವಿಕೀರ್ತಿಯು 634ರಲ್ಲಿ ಸಂಸ್ಕೃತದಲ್ಲಿ ಪುಲಕೇಶಿಯ ದಿಗ್ವಿಜಯವನ್ನು ಹೊಗಳಿ, ಸಾಲದೆಂದು ತನ್ನನ್ನೂ ಕಾಳಿದಾಸ ಭಾರವಿಯರ ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡನು. ಶಾಲೆಯ ಮಕ್ಕಳು ಬಸ್ಸು ತುಂಬಿ ಅಲ್ಲಿಗೇ ಹೋಗುವರು. ನಾನು ಕನ್ನಡದಲ್ಲಿ ತೆರಿಗೆಯ ಲೆಕ್ಕ ಹೇಳಿದವನು. ಯಾರನ್ನೂ ಸೋಲಿಸದ ಕಲ್ಲಿಗೆ ಮಾಲೆ ಹಾಕುವರುಂಟೇ?

ನಾನು: ವ್ಯವಸ್ಥೆ ಯಾರೊಡನೆ ಆಯಿತು?

ಕಂಬ: ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು. ಮಹಾಜನರೆಂದರೆ ಭಾಷಣದ ಮೊದಲ ಸಾಲಲ್ಲ, ಊರಿನ ವ್ಯವಹಾರವನ್ನು ನಿರ್ಣಯಿಸುವ ಸಭೆ. ನಗರವೆಂದರೆ ನಿಮ್ಮ ಸೈಟಿನ ಬಡಾವಣೆಯಲ್ಲ, ವರ್ತಕರ ಕೂಟ.

ನಾನು: ಹೆಂಗಸರಿಗೆ ಅಲ್ಲಿ ಸ್ಥಾನವಿತ್ತೇ?

ಕಂಬ: ಮೇಗುಟಿಗೆ ಮೆಟ್ಟಿಲನ್ನೂ ಕಟ್ಟಿಸಿರುವರಂತೆ.

ನಾನು: ಪ್ರಕೃತಿಯೆಂದಿರಿ. ನಮ್ಮ ಹುನಗುಂದ ಸೀಮೆಯಲ್ಲಿ ಅದು ಕೈಕೊಟ್ಟುದರಿಂದಲೇ ನಾರಾಯಣಪುರದ ಹಿನ್ನೀರನ್ನೆತ್ತಿ 24,000 ಹೆಕ್ಟೇರಿಗೆ ಹನಿಸುವ ಯೋಜನೆ ನಮ್ಮೂರ ಹೆಸರಿನಲ್ಲಿ ಹುಟ್ಟಿತು. ನನ್ನ ಹೊಲದ ವಾಲ್ವಿನ ಡಬ್ಬಿಯಲ್ಲಿ ಈಗ ಓತಿಕ್ಯಾತ ಸಂಸಾರ ಹೂಡಿದೆ. ಮುಚ್ಚಳ ತೆರೆದರೆ ನನ್ನನ್ನೇ ಅತಿಕ್ರಮಣಕಾರನೆಂಬಂತೆ ಕತ್ತೆತ್ತಿ ನೋಡುತ್ತದೆ. ಕೊಳವೆಯ ವಿಷಯದಲ್ಲಿ ತಮ್ಮ ಶಾಸನ...

ಕಂಬ: ತಮ್ಮಾ, ಪ್ರಕೃತಿಯೆಂದರೆ ಮಳೆಯಲ್ಲ, ಪ್ರಜೆ. ಪ್ರಕೃತಿಕೋಪವೆಂದು ಕೌಟಿಲ್ಯನು ಹೆದರಿದ್ದು ಬರಗಾಲಕ್ಕಲ್ಲ.

ನಾನು: ಆ ಕೋಪವನ್ನು ಯಾರ ಮುಂದೆ ತೋರಿಸಲಿ? ಪಂಚಾಯಿತಿಯ ಅವಧಿ ಐದೇ ವರ್ಷ, ಅದು ತೀರುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆಯೆಂದರು, ಮೀಸಲಾತಿಯೆಂದರು, ನ್ಯಾಯಾಲಯವೆಂದರು, ವರ್ಷಗಳು ಉರುಳಿದವು. ನಾನು ಓಟು ಹಾಕಿ ಆರಿಸಿದ ಒಬ್ಬನಾದರೂ ತಾಲ್ಲೂಕಿನ ಆ ಕುರ್ಚಿಯಲ್ಲಿದ್ದರೆ ಅವನ ಬಾಗಿಲಿಗೆ ಹೋಗಿ ಬಯ್ದು ಬರುತ್ತಿದ್ದೆ. ಬಯ್ಯುವ ಹಕ್ಕನ್ನೂ ಕಿತ್ತುಕೊಂಡರಲ್ಲ!

ಕಂಬ: ತಾಮ್ರಶಾಸನವನ್ನೂ ಬಹುಕಾಲದ ಅನುಭೋಗವನ್ನೂ ರಾಜಪುರುಷರು ಕಾಯತಕ್ಕುದೆಂದು ಸಿಂಹಾಸನವೇರಬೇಕಾದವನೇ ನನ್ನ ಮೈಮೇಲೆ ಕೆತ್ತಿಸಿದನು. ಅಳಿಸುವುದು ಸುಲಭವಾಗಬಾರದೆಂದೇ ಕಲ್ಲು.

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಏಳುವಾಗ ಕಂಬವು ಮೆಲ್ಲಗೆ ಕೇಳಿತು: “ಅಂದಹಾಗೆ, ಮೊನ್ನೆ ರವಿವಾರ ಮೇಗುಟಿಗೆ ಎಷ್ಟು ಬಸ್ಸು ಬಂದಿದ್ದವು?”