ಟು ಲೆಟ್ ಶಾಸನಗಳು: ಸಿದ್ದಾಪುರ ಸೀಮೆಯ ಬ್ರೋಕರ್ ಪರಂಪರೆಯ ಒಂದು ಪ್ರಾಚ್ಯ ಅಧ್ಯಯನ

ಪೀಠಿಕೆ

ಕನ್ನಡ ಶಾಸನಶಾಸ್ತ್ರದಲ್ಲಿ ಒಂದು ದೊಡ್ಡ ಲೋಪ ಇಂದಿಗೂ ಉಳಿದುಬಂದಿದೆ. ಬಿ.ಎಲ್. ರೈಸ್ 1886ರಿಂದ ಹೊರತರತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಕಲ್ಬರಹಗಳಿವೆ, ತಾಮ್ರಪಟಗಳಿವೆ, ಗುಡಿಯ ಗೋಡೆಯ ಮೇಲಿನ ಅರ್ಧ ಅಳಿಸಿದ ಸಾಲುಗಳೂ ಇವೆ. ಆದರೆ ವಿದ್ಯುತ್ ಕಂಬಕ್ಕೆ ತಂತಿಯಿಂದ ಬಿಗಿದ ತಗಡಿನ ಶಾಸನ ಒಂದೂ ಇಲ್ಲ. ಲಾಲ್‌ಬಾಗಿನ ಸಿದ್ದಾಪುರ ಗೇಟಿನಿಂದ ಹೊರಬಿದ್ದು ನರ್ಸರಿಗಳ ಕುಂಡಗಳನ್ನು ಎಡವದೆ ನಡೆದರೆ ಇಂಥ ಶಾಸನಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಕೋಚಿಂಗ್ ಕ್ಲಾಸಿನ ಪೋಸ್ಟರಿನಡಿ ಹೂತುಹೋಗುತ್ತಿರುವ ಈ ಸಂಪತ್ತನ್ನು ಓದಿ, ಅದನ್ನು ಬರೆಸಿದ ಮಹನೀಯರ ವೃತ್ತಿಧರ್ಮವನ್ನು ನಿರೂಪಿಸುವುದೇ ಪ್ರಸ್ತುತ ಲೇಖಕನ ಉದ್ದೇಶ.

ವಿಷಯ ಕ್ಷುಲ್ಲಕವಾಯಿತು ಎನ್ನುವ ವಿದ್ವಾಂಸರು ಸ್ವಲ್ಪ ತಾಳಬೇಕು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಏನಿದೆ? ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಭೂಮಿ ಕೊಟ್ಟ ವಿವರವಿದೆ, ಕೆಡಿಸಿದವನಿಗೆ ಮಹಾಪಾತಕ ಬರಲಿ ಎಂಬ ಎಚ್ಚರಿಕೆಯಿದೆ. ಸುಮಾರು ಕ್ರಿ.ಶ. 450ರಲ್ಲಿ ಕನ್ನಡಿಗರು ಕಲ್ಲಿನ ಮೇಲೆ ನಾಲ್ಕು ಮಾತು ಬರೆಯಲು ಕೂತಾಗ ಮೊದಲು ಹೊಳೆದದ್ದು ಕಾವ್ಯವಲ್ಲ, ಆಸ್ತಿಪತ್ರ. ಬೆಂಗಳೂರಿನ ಹೆಸರು ಕಾಣಿಸಿಕೊಳ್ಳುವ ಬೇಗೂರಿನ ಶಾಸನ ಸುಮಾರು ಕ್ರಿ.ಶ. 890ರದು. ಅಲ್ಲಿ ನಮ್ಮ ಊರು ಬರುವುದೇ ಕಾಳಗದ ಜೊತೆ. ಕಾಳಗದ ಕಾರಣದ ಬಗ್ಗೆ ಇತಿಹಾಸಕಾರರು ಏನನ್ನಾದರೂ ಹೇಳಿಕೊಳ್ಳಲಿ, ಸಿದ್ದಾಪುರದ ಟೀ ಅಂಗಡಿಯ ವಿದ್ವದ್ಗೋಷ್ಠಿ ಅದನ್ನು ಆಗಲೇ ತೀರ್ಮಾನಿಸಿಬಿಟ್ಟಿದೆ: ಎರಡು ಸೈಟಿನ ನಡುವಿನ ಗೋಡೆ.

ಕ್ಷೇತ್ರವಿಚಾರ

ಮಾರಾಟದ ಪತ್ರಗಳಲ್ಲಿ ಚಕ್ಕುಬಂದಿ ಎಂಬ ಭಾಗವಿರುತ್ತದೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಹೇಳುವಂಥದ್ದು. 1537ರಲ್ಲಿ ಊರು ಕಟ್ಟಿದ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳು ಇಡೀ ಬೆಂಗಳೂರಿನ ಚಕ್ಕುಬಂದಿಯೆಂದು ಜನ ಇಂದಿಗೂ ನಂಬುತ್ತಾರೆ. ಅವುಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆಯ ಮೇಲಿದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಮುಖ್ಯ ಮಾಹಿತಿದಾರರಾದ ಬ್ರೋಕರ್ ಮಹಾಶಯರು ಅದರತ್ತ ಕೈ ತೋರಿಸಿ, "ಈ ಏರಿಯಾದಲ್ಲಿ ಕ್ಲಿಯರ್ ಟೈಟಲ್ ಇರೋದು ಅದೊಂದಕ್ಕೇ ಸಾರ್" ಎಂದರು.

ಸಿದ್ದಾಪುರದ ಗಡಿ ಮಾತ್ರ ಚಂಚಲ. ಪಕ್ಕದ ಜಯನಗರ ನಕ್ಷೆ ಹಾಕಿ ಮಾಡಿದ ಬಡಾವಣೆ, 1948ರಲ್ಲಿ ರಾಜಾಜಿಯವರಿಂದ ಶಂಕುಸ್ಥಾಪನೆ ಮಾಡಿಸಿಕೊಂಡದ್ದು, ಅದಕ್ಕೆ ಅಶೋಕ ಸ್ತಂಭದ ಸಾಕ್ಷಿಯಿದೆ. ಸಿದ್ದಾಪುರಕ್ಕೆ ಅಂಥ ಸಾಕ್ಷಿಯಿಲ್ಲ. ಹೀಗಾಗಿ ಕೊಳ್ಳುವ ಪಾರ್ಟಿಯ ಮುಂದೆ ಆ ಮನೆ 'ಜಯನಗರ ಫಸ್ಟ್ ಬ್ಲಾಕ್ ಪಕ್ಕ', ಮಾರುವ ಓನರಿನ ಮುಂದೆ ಅದೇ ಮನೆ 'ಎಷ್ಟಾದ್ರೂ ಸಿದ್ದಾಪುರ ಅಲ್ವಾ ಸಾರ್'. ಟ್ಯಾಂಕಿನ ಮೇಲೆ ಹತ್ತಿ ಕತ್ತು ಚಾಚಿದಾಗ ಒಂದು ಮರದ ತುದಿ ಕಂಡರೆ ಅದು 'ಲಾಲ್‌ಬಾಗ್ ವ್ಯೂ'.

ಶಾಸನಪಾಠ

ಮಾದರಿಗೆ ಒಂದು ಶಾಸನವನ್ನು ನೋಡೋಣ. ಆಧಾರ: ತಗಡು. ಲಿಪಿ: ಕನ್ನಡ, ಎರಡನೇ ಸಾಲಿನಿಂದ ಇಂಗ್ಲಿಷು. ಪಾಠ: ಮನೆ ಬಾಡಿಗೆಗೆ ಇದೆ, 2 ಬಿಎಚ್‌ಕೆ, ಕಾವೇರಿ ನೀರು ಮತ್ತು ಬೋರ್, ಸಸ್ಯಾಹಾರಿಗಳಿಗೆ ಮಾತ್ರ, ಬ್ರೋಕರ್‌ಗಳು ದಯವಿಟ್ಟು ಕ್ಷಮಿಸಿ. ಕೆಳಗೆ ಹತ್ತಂಕಿಯ ಮೊಬೈಲ್ ನಂಬರು. (ಏಳಂಕಿಯ ನಂಬರಿರುವ ಒಂದು ತಗಡು ಒಂದು ಹಳೆಯ ಕಾಂಪೌಂಡಿನ ಮೇಲೆ ಈಗಲೂ ಇದೆ. ಅದನ್ನು ಪೂರ್ವಯುಗದ್ದೆಂದು ಗ್ರಹಿಸಿ ಇಲ್ಲಿ ಬಿಟ್ಟಿದ್ದೇವೆ.) ಕ್ಷೇತ್ರಕಾರ್ಯದ ಅಂಗವಾಗಿ ಆ ಹತ್ತಂಕಿಗೆ ಕರೆ ಮಾಡಿದಾಗ ಎತ್ತಿದವರು ನಮ್ಮ ಮಾಹಿತಿದಾರರೇ. ಬ್ರೋಕರ್ ಬೇಡ ಎಂಬ ಸಾಲಿನ ಕೆಳಗೆ ಬ್ರೋಕರ್ ನಂಬರು ಹೇಗೆ ಬಂತು, ಇದು ಪ್ರಕ್ಷಿಪ್ತವೇ ಎಂದು ವಿಚಾರಿಸಲಾಗಿ ಉತ್ತರ ಹೀಗೆ ಬಂತು: "ಬೇರೆ ಬ್ರೋಕರ್‌ಗಳು ಬೇಡ ಅಂತ ಸಾರ್. ನಾನು ಮನೆಯವನ ಥರ."

ಈ 'ಮನೆಯವನ ಥರ' ಎಂಬುದರಲ್ಲೇ ಶಾಸ್ತ್ರವೆಲ್ಲ ಅಡಗಿದೆ. ಮನೆ ಅವನದಲ್ಲ, ಸೈಟು ಅವನದಲ್ಲ, ದುಡ್ಡೂ ಅವನದಲ್ಲ. ಯಾವ ಮನೆ ಯಾವಾಗ ಖಾಲಿಯಾಗುತ್ತದೆಂಬ ಸುದ್ದಿ ಮಾತ್ರ ಅವನದು, ಅದೂ ಮನೆಯವರಿಗೆ ಗೊತ್ತಾಗುವ ಮೊದಲು.

ಸುದ್ದಿಯ ಉಗಮ

ಸುದ್ದಿ ಎಲ್ಲಿ ಹುಟ್ಟುತ್ತದೆ ಎಂಬ ಬಗ್ಗೆ ಎರಡು ಪಂಥಗಳಿವೆ. ಇಸ್ತ್ರಿ ಪಂಥದವರ ವಾದ ಸರಳ. ಗಂಡಸಿನ ಆಫೀಸು ಶರ್ಟುಗಳು ಕಡಿಮೆಯಾದರೆ ಕೆಲಸ ಹೋಗಿದೆ ಅಥವಾ ನಿವೃತ್ತಿ ಆಗಿದೆ. ಪರದೆಗಳೆಲ್ಲ ಒಟ್ಟಿಗೆ ಇಸ್ತ್ರಿಗೆ ಬಂದರೆ ಹೆಣ್ಣು ನೋಡುವ ಶಾಸ್ತ್ರ. ಪರದೆ ಬಂದು ಮತ್ತೆ ವಾಪಸು ಹೋಗದಿದ್ದರೆ ಮನೆ ಖಾಲಿ. ಹಾಲಿನ ಪಂಥದವರು ಇದನ್ನು ಒಪ್ಪುವುದಿಲ್ಲ. ಬೆಳಗಿನ ನಂದಿನಿ ಪ್ಯಾಕೆಟ್ಟು ಎರಡರಿಂದ ಒಂದಕ್ಕೆ ಇಳಿಯಿತೆಂದರೆ ಮಗ-ಸೊಸೆ ಬೇರೆ ಹೋದರು, ಅಂದರೆ ಇನ್ನೆರಡು ವರ್ಷದಲ್ಲಿ ಮೇಲ್ಮಹಡಿ ಬಾಡಿಗೆಗೆ ಬರುತ್ತದೆ ಎಂಬುದು ಅವರ ಸಿದ್ಧಾಂತ. ನಮ್ಮ ಮಾಹಿತಿದಾರರು ಸಮನ್ವಯವಾದಿಗಳು. ಇಸ್ತ್ರಿ ಗಾಡಿಯ ಮುಂದೆ ಅರ್ಧ ಗಂಟೆ, ಹಾಲಿನ ಬೂತಿನ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ. ಹೂವಮ್ಮನಿಗೆ ಒಂದು ಟೀ ಕೊಡಿಸುತ್ತಾರೆ. ಬಾಡಿಗೆ ಕುದುರಿದರೆ ಕಮಿಷನ್ನು ಒಂದು ತಿಂಗಳ ಬಾಡಿಗೆ, ಮಾರಾಟಕ್ಕೆ ಶೇ 1ರಿಂದ 2. ಅದರಲ್ಲಿ ಟೀ ಖರ್ಚು ಕಳೆದರೂ ಲಾಭವೇ.

ಆದರೆ ಅತ್ಯುನ್ನತ ಆಕರಗ್ರಂಥ ಗಣೇಶೋತ್ಸವ ಸಮಿತಿಯ ರಸೀದಿ ಪುಸ್ತಕ. ಭಾರತ ಸರ್ಕಾರ 2011ರಲ್ಲಿ ಜನಗಣತಿ ಮಾಡಿತು, 2021ರದ್ದನ್ನು ಮುಂದಕ್ಕೆ ಹಾಕಿತು. ಸಮಿತಿ ಒಂದು ವರ್ಷವನ್ನೂ ತಪ್ಪಿಸಿಲ್ಲ. ನಮ್ಮ ಮಾಹಿತಿದಾರರು ಅದರ ಖಜಾಂಚಿ. ರಸೀದಿ ಹಿಡಿದು ಬಾಗಿಲು ತಟ್ಟಿದರೆ ಯಾವ ಮನೆಯಲ್ಲಿ ಅಜ್ಜಿ ಒಬ್ಬರೇ, ಯಾವ ಮನೆಗೆ ಬೀಗ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಬೇರೆ ರಸೀದಿ ಕೇಳಲು ಶುರುಮಾಡಿದ್ದಾರೆ ಎಂಬುದೆಲ್ಲ ತಾನಾಗಿ ದಾಖಲಾಗುತ್ತದೆ. ಒಂದೇ ಮನೆಗೆ ಎರಡು ರಸೀದಿ ಹೋದ ವರ್ಷವೇ ವಿಭಾಗಪತ್ರದ ಮೊದಲ ಕರಡು ಎಂದು ಅವರು ಹೇಳುವುದುಂಟು. ಅಣ್ಣಮ್ಮ ದೇವಿಯನ್ನು ಕೂರಿಸಿದಾಗ ಆರ್ಕೆಸ್ಟ್ರಾ, ರಾಮನವಮಿಗೆ ಪಾನಕ-ಕೋಸಂಬರಿ, ನವೆಂಬರಿನಲ್ಲಿ ಬಾವುಟ, ಎಲ್ಲಕ್ಕೂ ಅವರೇ ಮುಂದೆ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಧನುರ್ಮಾಸದಲ್ಲೂ ಇಲ್ಲ. ಆ ಎರಡು ತಿಂಗಳು ವ್ಯವಹಾರವಿಲ್ಲವೆಂದು ಅನ್ಯವೃತ್ತಿಯವರು ತಿಳಿಯುತ್ತಾರೆ. ವಾಸ್ತವದಲ್ಲಿ ಅವು ಬಿತ್ತನೆಯ ತಿಂಗಳುಗಳು: ಯಾರದೋ ಆಧಾರ್ ತಿದ್ದುಪಡಿ, ಯಾರದೋ ಗ್ಯಾಸ್ ಕನೆಕ್ಷನ್, ಯಾರದೋ ಮೊಮ್ಮಗನಿಗೆ ಶಾಲೆಯ ಸೀಟು.

ಬಾಗಿನ ಪ್ರಕರಣ

ಇನ್ನು ಈ ಶಾಸ್ತ್ರದ ಶಿಖರಕ್ಕೆ ಬರುತ್ತೇವೆ. ಶಾಸನಗಳು ಅರಸನ ವಂಶಾವಳಿಯಿಂದ ಶುರುವಾಗುವಂತೆ ಹಳೆಯ ಮನೆಯ ಮಾರಾಟ ವಂಶವೃಕ್ಷದಿಂದ ಶುರುವಾಗುತ್ತದೆ. ಶಾಸನದಲ್ಲಿ ತಾತ ಮುತ್ತಾತ ಬಂದರೆ ಸಾಕು. ಇಲ್ಲಿ ಬದುಕಿರುವ ಎಲ್ಲರೂ ಬರಬೇಕು, ಬಂದು ಸಹಿ ಹಾಕಬೇಕು.

ಹಲವು ಮನೆಗಳ ಕಥೆಯನ್ನು ಕೂಡಿಸಿ ಒಂದು ಮಾದರಿ ಮಾಡಿಕೊಳ್ಳೋಣ. 30x40ರ ಸೈಟು, ತಾತ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ, ಅಂಗಳದಲ್ಲಿ ಸಂಪಿಗೆ ಮರ. ಯಜಮಾನರು ತೀರಿಕೊಂಡರು. ಶಾಮಿಯಾನ ಹಾಕಿಸಿದ್ದು, ವೈಕುಂಠ ಸಮಾರಾಧನೆಗೆ ಬಾಳೆಲೆ ತಂದದ್ದು ಬ್ರೋಕರ್. ಸೈಟಿನ ಮಾತು ಒಂದಕ್ಷರ ಎತ್ತಲಿಲ್ಲ. ವರ್ಷಾಬ್ದಿಕದವರೆಗೆ ಬಾಯಿ ಬಿಡಬಾರದು ಎಂಬುದು ಈ ವೃತ್ತಿಯ ಕಟ್ಟುನಿಟ್ಟಿನ ಧರ್ಮ. ಬಿಟ್ಟವನು ಮುಂದಿನ ಬೀದಿಯ ಬ್ರೋಕರಿಗೆ ಮನೆ ಬಿಟ್ಟುಕೊಟ್ಟಂತೆ. ವರ್ಷ ಕಳೆಯಿತು. ಗಂಡುಮಕ್ಕಳು ಇಬ್ಬರು, ಒಬ್ಬ ಇಲ್ಲಿ, ಒಬ್ಬ ನ್ಯೂಜೆರ್ಸಿಯಲ್ಲಿ. ನ್ಯೂಜೆರ್ಸಿಯದು ಪವರ್ ಆಫ್ ಅಟಾರ್ನಿಯಿಂದ ಆಗುವ ಕೆಲಸ. ತೊಡಕಿರುವುದು ಮೈಸೂರಿನಲ್ಲಿ. ಅಲ್ಲಿ ಅಕ್ಕ ಇದ್ದಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಮಗಳದೂ ಮಗನಷ್ಟೇ ಪಾಲು. ಆದರೆ ಯಾವುದೋ ಮದುವೆಯಲ್ಲಿ ಅಮ್ಮನ ಬಳೆಯ ವಿಷಯಕ್ಕೆ ಮಾತು ಬಂದು, ಅಕ್ಕ ತವರಿನ ಹೊಸ್ತಿಲು ತುಳಿದು ಹನ್ನೆರಡು ವರ್ಷವಾಗಿದೆ.

ವಕೀಲರಾದರೆ ನೋಟಿಸು ಕಳಿಸುತ್ತಾರೆ. ಬ್ರೋಕರ್ ಶ್ರಾವಣ ಮುಗಿಯುತ್ತ ಬರುವುದನ್ನು ಕಾಯುತ್ತಾರೆ. ಗೌರಿ ಹಬ್ಬಕ್ಕೆ ವಾರವಿರುವಾಗ ತಮ್ಮನ ಮನೆಗೆ ಬಂದು, "ಅಣ್ಣ, ಅಕ್ಕನಿಗೆ ಬಾಗಿನ ಕೊಟ್ಟು ಎಷ್ಟು ವರ್ಷ ಆಯ್ತು? ತಂದೆ ಇದ್ದಿದ್ರೆ ಬಿಡ್ತಿದ್ರಾ?" ಎಂದು ಕೇಳುತ್ತಾರೆ. ಗಾಂಧಿ ಬಜಾರಿನಿಂದ ಹೊಸ ಮೊರದ ಜೋಡಿ, ಬಳೆ, ಬಿಚ್ಚೋಲೆ, ಕನ್ನಡಿ, ಬೇಳೆ, ಬೆಲ್ಲ, ರವಿಕೆ ಕಣ ತಾವೇ ತಂದು ಕಾರಿನಲ್ಲಿಟ್ಟು, ತಮ್ಮನನ್ನೂ ಕೂರಿಸಿ ಮೈಸೂರು ರಸ್ತೆ ಹಿಡಿಯುತ್ತಾರೆ. ಅಲ್ಲಿ ಅಕ್ಕ ಬಾಗಿಲು ತೆಗೆದರು, ಅತ್ತರು, ಒಬ್ಬಟ್ಟು ಬಡಿಸಿದರು. ಊಟವಾದ ಮೇಲೆ ಮೊರದ ಮುಚ್ಚಳ ಎತ್ತಿ ಒಳಗೆ ನೋಡಿ, "ಬಾಗಿನ ಸರಿ ಕಣೋ, ಕಾಗದ ಎಲ್ಲಿಟ್ಟಿದ್ದೀಯ?" ಎಂದರು.

ಸಹಿ ಆ ದಿನ ಆಗಲಿಲ್ಲ. ಸಮಪಾಲು ಬರವಣಿಗೆಯಲ್ಲಿ ಬಂದ ಮೇಲೆ ಆಯಿತು. ಆಮೇಲೆ ಅಕ್ಕ ತಮ್ಮ ಪಾಲಿನ ಹಣದಲ್ಲಿ ಜೆ.ಪಿ. ನಗರದಲ್ಲಿ ಒಂದು ಫ್ಲ್ಯಾಟು ನೋಡುವ ಕೆಲಸವನ್ನು ಅದೇ ಬ್ರೋಕರಿಗೆ ಒಪ್ಪಿಸಿದರು. ಒಂದು ಬಾಗಿನಕ್ಕೆ ಎರಡು ಕಮಿಷನ್ನು. ಈ ವೃತ್ತಾಂತದಲ್ಲಿ ಬಂಧುತ್ವ ನಿಜವೋ ವ್ಯಾಪಾರ ನಿಜವೋ ಎಂದು ಅದ್ವೈತಿಗಳು ಚರ್ಚಿಸಲಿ. ಅಕ್ಕ-ತಮ್ಮ ಈಗ ಮಾತಾಡುತ್ತಾರೆ, ಸಂಪಿಗೆ ಮರ ಇಲ್ಲ.

ಕುಲಶೋಧನಾ ಪ್ರಕರಣ

ಈ ಪ್ರಕರಣವನ್ನು ಬರೆಯುವಾಗ ಲೇಖಕನಿಗೆ ನಗು ಬರಲಿಲ್ಲ, ಆದರೂ ಬಿಡುವಂತಿಲ್ಲ. ಬಾಡಿಗೆಗೆ ಮನೆ ಕೇಳಿ ಬಂದವನಿಗೆ ಬ್ರೋಕರ್ ಎಂದೂ ಜಾತಿ ಕೇಳುವುದಿಲ್ಲ. ಅದು ಅಸಭ್ಯ. "ಯಾವ ಕಡೆಯವರು ಸಾರ್?" ಎನ್ನುತ್ತಾರೆ. ಊರಿನ ಹೆಸರು ಬಂದ ಮೇಲೆ "ಮನೇಲಿ ಊಟ ಹೇಗೆ?", ಆಮೇಲೆ "ಮನೆದೇವ್ರು ಯಾವ್ದು?" ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಸಮಾಜಶಾಸ್ತ್ರಜ್ಞರ ಒಂದು ಸಮೀಕ್ಷೆ ಮುಗಿದಂತೆ. ಹೆಸರು ಹೇಳಿದಾಗಲೇ ಉತ್ತರ ಗೊತ್ತಾಗುವವರಿಗೆ ಈ ಪ್ರಶ್ನೆಗಳೂ ಇಲ್ಲ. ಮನೆ ನಿನ್ನೆ ತಾನೇ ಹೋಯ್ತು ಸಾರ್, ಅಷ್ಟೆ. ಮಾಹಿತಿದಾರರನ್ನು ಕೇಳಿದರೆ, "ನಂಗೇನೂ ಭೇದ ಇಲ್ಲ, ಓನರ್ ಕೇಳ್ತಾರೆ" ಎಂದರು. ಓನರನ್ನು ಕೇಳಿದರೆ, "ನಮಗೇನಿಲ್ಲ, ಅಕ್ಕಪಕ್ಕದವರು ಏನಂದುಕೊಳ್ತಾರೆ" ಎಂದರು. ಅಕ್ಕಪಕ್ಕದವರನ್ನು ಕೇಳಿದರೆ, ಬ್ರೋಕರ್ ಒಳ್ಳೇ ಜನರನ್ನೇ ತರ್ತಾರೆ ಎಂದು ಹೊಗಳಿದರು. ಬೀದಿಯ ನಂಬಿಕೆಯನ್ನು ಗಳಿಸುವುದೆಂದರೆ ಬೀದಿಯ ಅಪನಂಬಿಕೆಗಳಿಗೂ ಖಜಾಂಚಿಯಾಗುವುದು.

ಶಾಪಾಶಯ ಮತ್ತು ಕಾನೂನು

ಹಳೆಯ ದತ್ತಿಗಳು ಆಚಂದ್ರಾರ್ಕ, ಸೂರ್ಯಚಂದ್ರರಿರುವ ತನಕ. ಇಂದಿನ ಬಾಡಿಗೆ ಕರಾರು 11 ತಿಂಗಳು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗೇಣಿಯನ್ನು ನೋಂದಾಯಿಸಲೇಬೇಕಾದ್ದರಿಂದ ಸೂರ್ಯಚಂದ್ರರು ಹನ್ನೆರಡನೇ ತಿಂಗಳು ಬರುವ ಮೊದಲೇ ನಿಲ್ಲುತ್ತಾರೆ. ದತ್ತಿ ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು ಶಾಸನಗಳು ಹೆದರಿಸುತ್ತಿದ್ದವು. ಈಗಿನ ಕರಾರಿನಲ್ಲಿ ಆ ಜಾಗದಲ್ಲಿ 'ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು' ಎಂದಿರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂಬುದನ್ನು ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ವಾಪಸಿಗೆ ಕಾದವರು ಬಲ್ಲರು.

ಪೂರ್ವಪಕ್ಷದವರು ಎರಡು ಆಕ್ಷೇಪ ಎತ್ತುತ್ತಾರೆ. ಒಂದು, ಕಾನೂನಿದೆಯಲ್ಲ. ಇದೆ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕೆನ್ನುತ್ತದೆ. 2016ರ ರೇರಾ ಕಾಯ್ದೆ ನೋಂದಾಯಿತ ಯೋಜನೆಗಳನ್ನು ಮಾರಿಸುವ ಏಜೆಂಟರಿಗೂ ಅದನ್ನೇ ಹೇಳುತ್ತದೆ. ಮಾಹಿತಿದಾರರ ನೋಂದಣಿ ಸಂಖ್ಯೆ ಕೇಳಿದಾಗ ಅವರು ಸ್ಕೂಟರಿನದನ್ನು ಕೊಟ್ಟರು. ಎರಡು, ಮೊಬೈಲಿನಲ್ಲಿ ಆ್ಯಪ್‌ಗಳು ಬಂದಿವೆ, ಬ್ರೋಕರ್ ಏಕೆ? ಆ್ಯಪು ಅಡುಗೆಮನೆಯ ಫೋಟೋ ತೋರಿಸುತ್ತದೆ, ನಿಜ. ನೀರು ದಿನ ಬಿಟ್ಟು ದಿನ ಬರುತ್ತದೆಂದಾಗಲಿ, ಮೇಲಿರುವ ಓನರಿನ ತಾಯಿ ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ ಹಾಕುತ್ತಾರೆಂದಾಗಲಿ ಅದಕ್ಕೆ ತಿಳಿಯದು. ಹಾಲು ಉಕ್ಕಿಸುವ ದಿನ ನಂದಿನಿ ಪ್ಯಾಕೆಟ್ಟು ಹಿಡಿದು ಬಾಗಿಲಲ್ಲಿ ನಿಲ್ಲುವುದೂ ಇಲ್ಲ.

ಅಧ್ಯಯನದ ಮಿತಿ

ಪ್ರಸ್ತುತ ಲೇಖಕ ಕ್ಷೇತ್ರಕಾರ್ಯಕ್ಕಾಗಿ ಸಿದ್ದಾಪುರದಲ್ಲೇ ಬಾಡಿಗೆಗಿದ್ದಾನೆ. ಮಗಳು ವೈಟ್‌ಫೀಲ್ಡಿಗೆ ಬಂದುಬಿಡಿ ಎಂದು ಕರೆಯುತ್ತಿರುವ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಓನರಿಗೆ ಹೇಳಿಲ್ಲ, ಹೆಂಡತಿಯ ಜೊತೆಗೂ ಪೂರ್ತಿ ಮಾತಾಗಿಲ್ಲ. ಎರಡು ಪರದೆ ಇಸ್ತ್ರಿಗೆ ಕೊಡುವಾಗ, ಅವನ್ನು ಮಡಿಸಿ ಕವರಿಗೆ ಹಾಕಿಬಿಡಪ್ಪ, ಮತ್ತೆ ಕಟ್ಟುವುದಿಲ್ಲ ಎಂದದ್ದು ಮಾತ್ರ ಹೌದು. ಅಂದೇ ಸಂಜೆ ಮಾಹಿತಿದಾರರು ಗೇಟಿನ ಬಳಿ ಸಿಕ್ಕರು.

"ಪ್ರಬಂಧ ಮುಗೀತಾ ಸಾರ್?"

"ಇನ್ನೊಂದು ಅಧ್ಯಾಯ ಇದೆ."

"ನಿಧಾನಕ್ಕೆ ಬರೀರಿ ಸಾರ್, ಅರ್ಜೆಂಟಿಲ್ಲ. ಭಾನುವಾರ ಪಾರ್ಟಿ ಮನೆ ನೋಡೋಕ್ ಬರ್ತಾರೆ, ಅಷ್ಟರಲ್ಲಿ ಹಾಲಲ್ಲಿರೋ ಪುಸ್ತಕ ಸ್ವಲ್ಪ ಒಳಗಿಟ್ಬಿಡಿ. ಜಾಗ ದೊಡ್ಡದಾಗಿ ಕಾಣ್ಬೇಕಲ್ವಾ."