ಸಂಗೀತಶಾಸ್ತ್ರದ ಉನ್ನತ ವ್ಯಾಸಂಗದಲ್ಲಿ ಕಿವಿಯ ಅನಗತ್ಯತೆ: ಒಂದು ವಿಮರ್ಶಾತ್ಮಕ ಅಧ್ಯಯನ

ಸಂಗೀತದ ಚರಿತ್ರೆಯಲ್ಲೋ ಲಕ್ಷಣಶಾಸ್ತ್ರದಲ್ಲೋ ಎಂ.ಎ., ಪಿಎಚ್.ಡಿ. ಮಾಡಬಯಸುವವರಿಗೆ ಶ್ರುತಿಜ್ಞಾನ ಇರಬೇಕೆಂಬ ಮೂಢನಂಬಿಕೆ ಇನ್ನೂ ಅಲ್ಲಲ್ಲಿ ಉಳಿದುಕೊಂಡಿದೆ. ಈ ವ್ಯಾಸಂಗಕ್ಕೆ ಕಿವಿ ಬೇಕಿಲ್ಲ, ಇದ್ದರೆ ತೊಡಕೇ ಹೆಚ್ಚು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವ 13ನೇ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿ ನೋಡಿಕೊಳ್ಳುತ್ತಿದ್ದುದು ಲೆಕ್ಕಪತ್ರವನ್ನು. ಅವನ ಗ್ರಂಥದ ಮೊದಲ ಅಧ್ಯಾಯ ತೆರೆದರೆ ಗರ್ಭದಲ್ಲಿ ಪಿಂಡ ಹೇಗೆ ಬೆಳೆಯುತ್ತದೆ, ದೇಹದಲ್ಲಿ ಚಕ್ರಗಳು ಎಲ್ಲೆಲ್ಲಿವೆ ಎಂಬ ವಿವರ ಸಿಗುತ್ತದೆ. ಸಪ್ತಸ್ವರಗಳ ಸರದಿ ಆಮೇಲೆ. ಇಂದು ಒಬ್ಬ ವಾಗ್ಗೇಯಕಾರನ ಹತ್ತು ಕೃತಿಗಳ ಮೇಲಿನ ಮಹಾಪ್ರಬಂಧ ಸಾಮವೇದದಿಂದ ಹೊರಟು, ಮತಂಗ, ರಾಮಾಮಾತ್ಯರನ್ನೆಲ್ಲ ಮಾತಾಡಿಸಿಕೊಂಡು, ನಾಲ್ಕನೇ ಅಧ್ಯಾಯದಲ್ಲಿ ವಿಷಯಕ್ಕೆ ಬಂದರೆ ನಗುವವರಿದ್ದಾರೆ. ಅವರಿಗೆ ಪರಂಪರೆ ಗೊತ್ತಿಲ್ಲ. ಕಿವಿ ಇದ್ದ ಅಭ್ಯರ್ಥಿಯಾದರೆ ನಡುವೆ ಒಂದು ಕೃತಿಯನ್ನು ಕೇಳೋಣವೆಂದು ಕೂತು ಗಡುವು ಮೀರಿಸಿಬಿಡುತ್ತಾನೆ.

ನಮ್ಮ ಪ್ರಬಲ ಸಾಕ್ಷಿ ವೆಂಕಟಮಖಿ. ಗೋವಿಂದ ದೀಕ್ಷಿತರ ಮಗ, ಕನ್ನಡ ಮನೆತನದವನು ಎಂಬುದು ಬೇರೆ ಅಭಿಮಾನದ ಮಾತು. ತಂಜಾವೂರಿನ ವಿಜಯರಾಘವ ನಾಯಕನ ಆಶ್ರಯದಲ್ಲಿ ಅವನು 17ನೇ ಶತಮಾನದಲ್ಲಿ ರಚಿಸಿದ ‘ಚತುರ್ದಂಡಿಪ್ರಕಾಶಿಕೆ’ಯ ಮೇಳಪದ್ಧತಿ ಅಪ್ಪಟ ಗುಣಾಕಾರ. ರಿ-ಗ ಜೋಡಿ 6, ದ-ನಿ ಜೋಡಿ 6, ಗುಣಿಸಿದರೆ 36. ಮಧ್ಯಮ ಎರಡು ಬಗೆಯಾದ್ದರಿಂದ 72. ಇವುಗಳಲ್ಲಿ ಅಂದು ಬಳಕೆಯಲ್ಲಿದ್ದವು 19 ಎಂದು ಅವನೇ ಹೇಳುತ್ತಾನೆ. ಮಿಕ್ಕ 53ಕ್ಕೆ ಹಾಡುವವರಿರಲಿಲ್ಲ, ಕೇಳುವವರೂ ಇರಲಿಲ್ಲ. ಆದರೂ ಸಾಕ್ಷಾತ್ ಫಾಲಾಕ್ಷನಿಗೂ ಈ ಸಂಖ್ಯೆಯನ್ನು ಹೆಚ್ಚಿಸಲು, ತಗ್ಗಿಸಲು ಆಗದೆಂದು ಸವಾಲು ಹಾಕಿದ. ಕಿವಿಯನ್ನೇ ನಂಬಿ ಕೂತಿದ್ದರೆ ಪಾಪ, 19ಕ್ಕೇ ನಿಲ್ಲುತ್ತಿದ್ದ.

ಆ ಮೇಳಗಳನ್ನು ಮುಂದೆ ಹಾಡಿದರಲ್ಲ ಎಂದು ಪೂರ್ವಪಕ್ಷದವರು ಕೇಳಬಹುದು. ನಿಜ. ಮಹಾವೈದ್ಯನಾಥ ಅಯ್ಯರ್ 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದರು. ಕೋಟೀಶ್ವರ ಅಯ್ಯರ್ ಮೇಳಮೇಳಕ್ಕೂ ಕೃತಿ ಕಟ್ಟಿದರು. ಆದರೆ ಇದು ಗಾಯಕರು ಮಾಡಿದ ಒತ್ತುವರಿ. ಶಾಸ್ತ್ರವನ್ನು ದೂರಿ ಫಲವಿಲ್ಲ. ವೆಂಕಟಮಖಿ ತಿಳಿಯಾಗಿ ಬರೆದದ್ದೇ ತಪ್ಪಾಯಿತು. ಗಾಯಕರ ಕೈಗೆ ಸಿಕ್ಕರೂ ಅರ್ಥವಾಗದಂತೆ ಬರೆಯುವುದರಲ್ಲಿ ನಮ್ಮ ಇಂದಿನ ಸಂಶೋಧಕರು ಸಾಧಿಸಿರುವ ಪ್ರಗತಿ ಸಾಮಾನ್ಯದ್ದಲ್ಲ.

ಭರತನ ಎರಡು ವೀಣೆಗಳನ್ನು ಮುಂದಿಡುವವರೂ ಇದ್ದಾರೆ. ಒಂದನ್ನು ಹಾಗೇ ಬಿಟ್ಟು ಇನ್ನೊಂದರ ತಂತಿಗಳನ್ನು ಹಂತಹಂತವಾಗಿ ಇಳಿಸಬೇಕು. ಎರಡನೇ ಹಂತದಲ್ಲಿ ಇಳಿದ ವೀಣೆಯ ಗಾಂಧಾರ ಇನ್ನೊಂದರ ರಿಷಭಕ್ಕೆ, ನಿಷಾದ ಧೈವತಕ್ಕೆ ಸೇರುತ್ತವೆ. ನಾಲ್ಕು ಹಂತ ಮುಗಿದಾಗ 22 ಶ್ರುತಿ ಸಿದ್ಧ. ಸೇರಿತೋ ಇಲ್ಲವೋ ಹೇಳಲು ಕಿವಿ ಬೇಕಲ್ಲ? ಬೇಕು, ಅನಾಹುತ ಆದದ್ದೂ ಅಲ್ಲೇ. ಒಂದು ಶ್ರುತಿ ಎಂದರೆ ಎಷ್ಟು ಎಂಬ ಅಳತೆಯನ್ನು ಅಂಕಿಯಲ್ಲಿ ಕೊಡದೆ ಭರತ ಕೇಳುಗನಿಗೆ ಬಿಟ್ಟದ್ದರಿಂದ, 22 ಶ್ರುತಿಗಳು ಸಮಾನವೋ ಅಸಮಾನವೋ ಎಂಬ ಜಗಳ ಇಂದಿಗೂ ಬಗೆಹರಿದಿಲ್ಲ. ಈ ಜಗಳದಿಂದ ಎಷ್ಟು ವಿಚಾರಸಂಕಿರಣಗಳಾದವು, ಎಷ್ಟು ಟಿ.ಎ., ಡಿ.ಎ. ಬಿಲ್ಲುಗಳು ಪಾಸಾದವು ಎಂಬುದನ್ನು ಬಲ್ಲವರು ಬಲ್ಲರು. ಯಾರಾದರೂ ವೀಣೆ ತಂದು ಮೀಟಿ ತೋರಿಸಿದ್ದರೆ ಸಭೆ ಊಟಕ್ಕೆ ಮುಂಚೆಯೇ ಮುಗಿದುಹೋಗುತ್ತಿತ್ತು.

ಕಿವಿಯ ಜಾಗದಲ್ಲಿ ಏನಿಡಬೇಕೆಂದರೆ, ಕಟಪಯಾದಿ ಸೂತ್ರ ಧಾರಾಳವಾಗಿ ಸಾಕು. ಹೆಸರಿನ ಮೊದಲೆರಡು ಅಕ್ಷರಗಳನ್ನು ಅಂಕಿಯಾಗಿಸಿ ತಿರುಗಿಸಿದರೆ ಮೇಳದ ಕ್ರಮಸಂಖ್ಯೆ. ಲೆಕ್ಕ ಕೂಡಲೆಂದೇ ಮಾಳವಗೌಳಕ್ಕೆ ‘ಮಾಯಾ’ ಅಂಟಿಸಿ 15 ಮಾಡಿದರು, ಶಂಕರಾಭರಣಕ್ಕೆ ‘ಧೀರ’ ಸೇರಿಸಿ 29 ಮಾಡಿದರು. ಅದೇ ಸೂತ್ರದಂತೆ ‘ಸಂಶೋಧನೆ’ಗೆ 57, ಅಂದರೆ ಸಿಂಹೇಂದ್ರಮಧ್ಯಮ, ಬಹಳ ಗಂಭೀರ ರಾಗವೆಂದು ಕೇಳಿದವರು ಹೇಳುತ್ತಾರೆ, ನಾವು ಕೇಳಿಲ್ಲ. ‘ಗೈಡ್’ಗೆ 33, ಗಾಂಗೇಯಭೂಷಣಿ, ವಿವಾದಿ ಮೇಳ ಎಂಬುದನ್ನು ಯಾವ ವಿದ್ಯಾರ್ಥಿಗೂ ಬಿಡಿಸಿ ಹೇಳಬೇಕಿಲ್ಲ. ‘ಪದವಿ’ಗೆ ಮಾತ್ರ 81 ಬರುತ್ತದೆ. 72ರ ಪಟ್ಟಿಯಲ್ಲಿ ಅದು ಎಲ್ಲೂ ಇಲ್ಲ; ಏಳೆಂಟು ವರ್ಷದಿಂದ ಕಾಯುತ್ತಿರುವವರು ಗಮನಿಸಬೇಕು.

ಆದಕಾರಣ ಮುಂದಿನ ಶೈಕ್ಷಣಿಕ ವರ್ಷದಿಂದ ಪ್ರಾಯೋಗಿಕ ಪರೀಕ್ಷೆಯನ್ನು ರದ್ದುಪಡಿಸಿ, ಆ ಅಂಕಗಳನ್ನು ಬೈಂಡಿಂಗಿಗೆ ವರ್ಗಾಯಿಸಬೇಕೆಂದು ಅಧ್ಯಯನ ಮಂಡಳಿಯನ್ನು ಕೋರುತ್ತೇವೆ. ಮೌಖಿಕ ಪರೀಕ್ಷೆಗೆ ತಂಬೂರಿ ಹಿಡಿದು ಬರುವ ಅಭ್ಯರ್ಥಿಗಳು ಅದನ್ನು ಗೇಟಿನ ವಾಚ್‌ಮನ್ ಬಳಿ ಒಪ್ಪಿಸಿ, ಚೀಟಿ ಪಡೆದು ಒಳಬರತಕ್ಕದ್ದು.