ಗ್ಯಾರೇಜಿನಲ್ಲಿ ಸೋನಾ ಮಸೂರಿ

ನಮ್ಮ ಮನೆಯ ಬಜೆಟ್ಟು ಎಕ್ಸೆಲ್ ಹಾಳೆಯಲ್ಲಿದೆ. ತಿಂಗಳ ಒಂದನೇ ತಾರೀಕು ರಾತ್ರಿ ಗಂಡ ಹೆಂಡತಿ ಎದುರುಬದುರು ಕೂತು ಲೆಕ್ಕ ತುಂಬುತ್ತೇವೆ. ದಿನಸಿಗೆ 600 ಡಾಲರ್. ಅದು ಮೀರಿದರೆ ಆ ಸಾಲು ತಾನಾಗಿ ಕೆಂಪಾಗಬೇಕು, ಹಾಗೆ ನಾನೇ ಮಾಡಿಟ್ಟಿದ್ದೇನೆ. 2023ರ ಜುಲೈ 20ರವರೆಗೆ ಅದು ಕೆಂಪಾಗಿರಲಿಲ್ಲ. (‘ಇತರೆ’ ಎಂಬ ಸಾಲಿನ ವಿಷಯ ಈಗ ಬೇಡ.)

ಅವತ್ತು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಸುದ್ದಿ ನ್ಯೂಜೆರ್ಸಿಯ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಕಾರಿನ ಕೀ ಅಲ್ಲಾಡಿಸಿದಳು.

“ಮನೇಲಿ ಒಂದು ಚೀಲ ಇದೆಯಲ್ಲೇ?”

“ಅದು ಮುಗಿದ ಮೇಲೆ? ಪಾಸ್ತಾಕ್ಕೆ ಸಾರು ಹಾಕ್ಕೊಂಡು ತಿಂತೀರಾ?”

ಅಂಗಡಿಯ ಮುಂದಿನ ಸಾಲು ಪಾರ್ಕಿಂಗ್ ದಾಟಿತ್ತು. ಬಾಗಿಲಿಗೆ ಚೀಟಿ: ಮನೆಗೊಂದೇ ಚೀಲ. ಸರಿ, ನಾಲ್ಕು ಜನ ನಾಲ್ಕು ಮನೆಯವರಾಗಿ ನಿಂತೆವು. ಆರು ತಿಂಗಳಿಗೆಂದು ಮಂಡ್ಯದಿಂದ ಬಂದಿದ್ದ ಅಮ್ಮನಿಗೆ, “ಒಳಗೆ ನೀನ್ಯಾರೋ ನಾನ್ಯಾರೋ” ಎಂದು ಕಾರಿನಲ್ಲೇ ಪಾಠ ಹೇಳಿಕೊಟ್ಟಿದ್ದೆ. ಗಲ್ಲಾಪೆಟ್ಟಿಗೆಯ ತನಕ ಚೆನ್ನಾಗೇ ನಟಿಸಿದಳು. 20 ಪೌಂಡಿನ ಚೀಲಕ್ಕೆ 32 ಡಾಲರ್ ಎಂದು ಕಿವಿಗೆ ಬಿದ್ದಿದ್ದೇ ತಡ, ಮನಸ್ಸಿನಲ್ಲೇ 82ರಿಂದ ಗುಣಿಸಿ, “ಲೋ ಮಗ, ಒಂಬತ್ತು ಕೆಜಿಗೆ ಎರಡು ಸಾವಿರದ ಆರುನೂರು ಚಿಲ್ಲರೆ! ಇಟ್ಬಿಡೋ ಆ ಚೀಲ!” ಎಂದು ಕೂಗಿದಳು. ಹಿಂದೆ ನಿಂತವರೆಲ್ಲ ಅವಳ ಮೂಗು ನೋಡಿದರು, ನನ್ನ ಮೂಗು ನೋಡಿದರು, ಆಮೇಲೆ ನನ್ನ ಮಗನ ಮೂಗು.

ಹೆಂಡತಿ ಬಿಡಲಿಲ್ಲ. ಊರೆಲ್ಲ ಸುತ್ತಿ ವಾರದೊಳಗೆ ಹನ್ನೊಂದು ಚೀಲ ಒಟ್ಟಿದಳು. ಅವು ಗ್ಯಾರೇಜು ಸೇರಿದವು, ಕಾರು ರಸ್ತೆಗೆ ಬಂತು. ಹುಳ ಬೀಳದಿರಲಿ ಎಂದು ಅಮ್ಮ ಪ್ರತಿ ಚೀಲಕ್ಕೂ ಹಿಡಿ ಒಣಮೆಣಸಿನಕಾಯಿ ಸೇರಿಸಿದಳು. ಗ್ಯಾರೇಜಿಗೆ ಹೋದರೆ ಸೀನು.

ಪಕ್ಕದ ಮನೆಯ ಮಂಗಳೂರಿನವರಿಗೆ ನಾವು ನಗೆಪಾಟಲು. “ಎಂಥ ಗಡಿಬಿಡಿ ಮಾರಾಯ್ರೆ, ನಮ್ಮದು ಕುಚ್ಚಲಕ್ಕಿ. ಅದಕ್ಕೆ ನಿಷೇಧ ಇಲ್ಲ.” ಆಗಸ್ಟ್ 25ಕ್ಕೆ ಕುಚ್ಚಲಕ್ಕಿಯ ರಫ್ತಿಗೂ ಶೇ. 20 ಸುಂಕ ಬಿತ್ತು. ಅವತ್ತು ಸಂಜೆ ಅವರ ಕಾರು ಅಂಗಡಿಯ ಕಡೆ ಹೊರಟಿದ್ದನ್ನು ಕಿಟಕಿಯಿಂದ ನೋಡಿದೆ. ದೇವರು ಕ್ಷಮಿಸಲಿ, ಹೊಟ್ಟೆ ತಣ್ಣಗಾಯಿತು.

ಒಂದನೇ ತಾರೀಕು ಹಾಳೆ ತೆರೆದರೆ ದಿನಸಿ ಕೆಂಡದ ಹಾಗೆ ಕೆಂಪು.

“ಅಕ್ಕಿ ದಿನಸಿ ಹೇಗಾಗತ್ತೆ ರೀ? ದಿನಾ ಬೆಲೆ ಏರ್ತಿದೆ. ಚಿನ್ನದ ಕೆಳಗೆ ಬರೀರಿ.”

ಬರೆದೆ. ದಿನಸಿಯ ಕೆಂಪು ಇಳಿಯಿತು. ನಾವು ಬಜೆಟ್ ಮೀರಿಲ್ಲ ಎಂದು ಅಮ್ಮನೂ ಒಪ್ಪಿದಳು.

2024ರ ಸೆಪ್ಟೆಂಬರ್ 28ಕ್ಕೆ ನಿಷೇಧ ತೆಗೆದರು. ಅಷ್ಟರಲ್ಲಿ ನನಗೆ ಸಕ್ಕರೆ ಗಡಿಯಲ್ಲಿದೆ, ಅನ್ನ ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಗ್ಯಾರೇಜಿನಲ್ಲಿ ಇನ್ನೂ ಮೂರು ಚೀಲ. ಸುದ್ದಿ ಓದಿ ನೆಮ್ಮದಿಯಿಂದ ಫೋನ್ ಕೆಳಗಿಟ್ಟೆ. ಬಾಗಿಲಲ್ಲಿ ಕೀ ಸದ್ದು.

“ರೀ, ಇನ್ನು ಎಲ್ಲರೂ ನುಗ್ತಾರೆ. ಏಳಿ, ಎರಡೇ ಎರಡು ಚೀಲ ತಂದ್ಬಿಡೋಣ.”